ಅಸಲಿ ಗಿಟಾರ್ ಅಂದರೆ ಯಾವುದು?

ಇವತ್ತಿನ ಸಂಚಿಕೆ ನನ್ನದೇ ಒಂದು ನಷ್ಟದಿಂದ ಶುರು.

ಎರಡು ವರ್ಷದ ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರ್ ತಗೊಂಡೆ. ಮಾರಿದವರು "ಎಲ್ಲಾ ಒರಿಜಿನಲ್, ಒಂದು ಸ್ಕ್ರೂ ಕೂಡ ಬದಲಾಗಿಲ್ಲ" ಅಂದಿದ್ದರು. ವರ್ಷದ ಉಳಿತಾಯ ಪೂರ್ತಿ ಕೊಟ್ಟೆ. ಆಮೇಲೆ ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ ಒಯ್ದೆ. ಅವರು ಹಿಂದಿನ ಮುಚ್ಚಳ ಬಿಚ್ಚಿ, ಒಳಗಿನ ಬೆಸುಗೆ ನೋಡಿ, "ಪಿಕಪ್ ಬೇರೆ ಹಾಕಿದ್ದಾರೆ ಕಣಪ್ಪ, ಫ್ರೆಟ್ಟೂ ಹೊಸದು" ಅಂದರು. ನನ್ನ ಮುಖ ಸಪ್ಪಗಾಯ್ತು. ಅವರು ಗಿಟಾರ್ ಎತ್ತಿ ಎರಡು ನಿಮಿಷ ನುಡಿಸಿ, "ಆದರೆ ಚೆನ್ನಾಗಿದೆ" ಅಂದರು.

ಹಾಗಾದರೆ ನಾನು ಮೋಸ ಹೋದೆನೋ ಇಲ್ಲವೋ? ಉತ್ತರ ಹುಡುಕೋಕೆ ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ಊರಿಗೆ ಹೋಗಬೇಕು.

ಗಿಬ್ಸನ್ ಕಂಪನಿಯ ಕಾರ್ಖಾನೆ ಅಲ್ಲಿತ್ತು. 1952ರಲ್ಲಿ ಅವರು ಲೆಸ್ ಪಾಲ್ ಅನ್ನೋ ಸಂಗೀತಗಾರನ ಹೆಸರಲ್ಲಿ ಒಂದು ಗಿಟಾರ್ ತಂದರು. 1958ರಲ್ಲಿ ಅದಕ್ಕೆ ಕೆಂಪು ಹಳದಿ ಬೆರೆತ ಸನ್‌ಬರ್ಸ್ಟ್ ಬಣ್ಣ ಬಂತು. ಆದರೂ ಮಾರಾಟ ಏಳಲಿಲ್ಲ. 1960ರ ಹೊತ್ತಿಗೆ ಆ ರೂಪವನ್ನೇ ನಿಲ್ಲಿಸಿ, ತೆಳ್ಳಗಿನ, ಎರಡು ಕೊಂಬಿನ ಹೊಸ ಮಾದರಿಗೆ ಹೋದರು. ವ್ಯಾಪಾರದ ಭಾಷೆಯಲ್ಲಿ ಹೇಳೋದಾದರೆ ಅದು ಓಡದ ಸರಕು.

1966ರಲ್ಲಿ ಎರಿಕ್ ಕ್ಲಾಪ್ಟನ್ ಜಾನ್ ಮೇಯಲ್ ಜೊತೆ ಮಾಡಿದ ಆಲ್ಬಮ್‌ನಲ್ಲಿ ಆ ಗಿಟಾರಿನ ದನಿ ಕೇಳಿಸಿತು. ಎಲ್ಲರಿಗೂ ಅದೇ ಬೇಕಾಯಿತು, ಆದರೆ ಕಾರ್ಖಾನೆ ಅದನ್ನು ಮಾಡುತ್ತಿರಲಿಲ್ಲ. ಇವತ್ತು 1959ರ ಒಂದು ಗಿಟಾರ್ ಲಕ್ಷಗಟ್ಟಲೆ ಡಾಲರ್‌ಗೆ ಹೋಗುತ್ತೆ. ನಾವು ಬಿ.ಕಾಂ.ನಲ್ಲಿ ಓದಿದ ಸವಕಳಿಯ ಪಾಠ ಇಲ್ಲಿ ತಲೆಕೆಳಗು: ವಯಸ್ಸಾದಷ್ಟೂ ಬೆಲೆ ಜಾಸ್ತಿ.

ಬೆಲೆ ಏರಿದ ಕಡೆ ನಕಲಿ ಬಂದೇ ಬರುತ್ತೆ. ಹಳೇ ಪಿಕಪ್, ಹಳೇ ಕೆಪಾಸಿಟರ್, ಹಳೇ ಪ್ಲಾಸ್ಟಿಕ್ ಉಂಗುರ, ಗುಂಡಿಗಳು, ಎಲ್ಲಕ್ಕೂ ಬೇರೆ ಬೇರೆ ಮಾರುಕಟ್ಟೆ ಹುಟ್ಟಿತು.

ಅದರಲ್ಲಿ ಪಿಕಪ್ಪಿನ ಕಥೆ ಮಜವಾಗಿದೆ. ತಂತಿಯ ಕಂಪನವನ್ನು ವಿದ್ಯುತ್ತಾಗಿ ಮಾಡೋದು ಪಿಕಪ್. ಗಿಬ್ಸನ್‌ನ ಇಂಜಿನಿಯರ್ ಸೆತ್ ಲವರ್ ಎರಡು ಸುರುಳಿ ಜೋಡಿಸಿ, ಗುಂಯ್‌ಗುಟ್ಟುವ ಸದ್ದನ್ನು ಅಳಿಸುವ ಉಪಾಯ ಕಂಡುಹಿಡಿದರು. 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು, 1959ರಲ್ಲಿ ಸಿಕ್ಕಿತು. ಈ ಪಿಕಪ್ಪಿನ ತಳಕ್ಕೆ "ಪೇಟೆಂಟ್ ಅಪ್ಲೈಡ್ ಫಾರ್" ಅನ್ನೋ ಪುಟ್ಟ ಸ್ಟಿಕರ್ ಇರುತ್ತಿತ್ತು. ಇವತ್ತು ಆ ಸ್ಟಿಕರ್ ಇದ್ದರೆ ಚಿನ್ನ. ಆಮೇಲೆ ಪೇಟೆಂಟ್ ನಂಬರ್ ಇರುವ ಸ್ಟಿಕರ್ ಬಂತು. ಆದರೆ ಅದರಲ್ಲಿದ್ದ ನಂಬರ್, 2,737,842, ಪಿಕಪ್ಪಿನದ್ದೇ ಅಲ್ಲ! ಅದು ಲೆಸ್ ಪಾಲ್ ಅವರ ಟೇಲ್‌ಪೀಸ್, ಅಂದರೆ ತಂತಿ ಕಟ್ಟುವ ಭಾಗದ ಪೇಟೆಂಟ್. ಅಸಲಿ ಪಿಕಪ್ಪಿನ ಮೇಲೆ ತಪ್ಪು ನಂಬರ್ ಇದೆ, ಅದನ್ನೇ ನಾವು ಅಸಲಿತನದ ಸಾಕ್ಷಿ ಅಂತ ಹುಡುಕ್ತೀವಿ.

ಇನ್ನು ಫ್ರೆಟ್. ಕುತ್ತಿಗೆಯ ಮೇಲೆ ಅಡ್ಡ ಕೂರಿಸಿದ ಲೋಹದ ಪಟ್ಟಿಗಳು. ಅವನ್ನು ಎಲ್ಲಿ ಕೂರಿಸಬೇಕು ಅನ್ನೋದಕ್ಕೆ ಹಳೆಯ ಹದಿನೆಂಟರ ಲೆಕ್ಕ ಇತ್ತು: ಉಳಿದ ತಂತಿಯ ಉದ್ದವನ್ನು 18ರಿಂದ ಭಾಗಿಸಿ, ಅಷ್ಟು ದೂರಕ್ಕೆ ಮುಂದಿನ ಫ್ರೆಟ್. 1581ರಲ್ಲಿ ವಿನ್ಚೆಂಜೋ ಗೆಲಿಲಿ, ಅಂದರೆ ಗೆಲಿಲಿಯೋನ ಅಪ್ಪ, ಲ್ಯೂಟ್ ವಾದ್ಯಕ್ಕೆ ಇದನ್ನೇ ಬರೆದರು. ಆದರೆ ಈ ಲೆಕ್ಕದಲ್ಲಿ 650 ಮಿ.ಮೀ. ತಂತಿಯ 12ನೇ ಫ್ರೆಟ್ ಸರಿಯಾಗಿ ಅರ್ಧಕ್ಕೆ ಬೀಳಲ್ಲ, ಸುಮಾರು 2.4 ಮಿ.ಮೀ. ಹಿಂದೆ ನಿಲ್ಲುತ್ತೆ. ಈಗ 17.817ರಿಂದ ಭಾಗಿಸ್ತಾರೆ.

ಜಾಗ ಸರಿ ಇದ್ದರೂ ಸಾಲದು, ಎತ್ತರವೂ ಸಮ ಇರಬೇಕು. ಒಂದು ಫ್ರೆಟ್ ಕೂದಲೆಳೆಯಷ್ಟು ಎದ್ದರೂ ತಂತಿ ತಾಗಿ ಜುಯ್ ಅನ್ನುತ್ತೆ. ಮೊದಲು ಇದೆಲ್ಲಾ ಅರ, ಕೈ, ಕಿವಿಯ ಕೆಲಸ. ಈಗ ಜರ್ಮನಿಯ ಪ್ಲೆಕ್ ಅನ್ನೋ ಯಂತ್ರವಿದೆ. ತಂತಿ ಬಿಗಿದಿರುವಾಗಲೇ ಪ್ರತಿ ಫ್ರೆಟ್ ಅಳೆದು, ಕಂಪ್ಯೂಟರ್ ಲೆಕ್ಕ ಹಾಕಿ, ಬೇಕಾದಷ್ಟೇ ಉಜ್ಜುತ್ತೆ.

ಇಲ್ಲೇ ನೋಡಿ ಇಕ್ಕಟ್ಟು. ನುಡಿಸಿದರೆ ಫ್ರೆಟ್ ಸವೆಯುತ್ತೆ, ಸವೆದರೆ ಬದಲಿಸಬೇಕು. ಹಳೇ ಗಿಬ್ಸನ್‌ಗಳಲ್ಲಿ ಕುತ್ತಿಗೆಯ ಅಂಚಿನ ಪ್ಲಾಸ್ಟಿಕ್ ಪಟ್ಟಿ ಪ್ರತಿ ಫ್ರೆಟ್ಟಿನ ತುದಿಯನ್ನು ಸಣ್ಣ ಗುಬಟಾಗಿ ಮುಚ್ಚಿರುತ್ತೆ. ಫ್ರೆಟ್ ಬದಲಿಸುವಾಗ ಅದು ಸಾಮಾನ್ಯವಾಗಿ ಹೋಗಿಬಿಡುತ್ತೆ, ಜೊತೆಗೆ ಬೆಲೆಯೂ ಇಳಿಯುತ್ತೆ. ಅಂದರೆ ಸಂಗ್ರಹಕಾರರ ಕಣ್ಣಲ್ಲಿ ಅತಿ ಅಸಲಿ ಗಿಟಾರ್ ಯಾವುದು? ಯಾರೂ ನುಡಿಸದೇ ಇದ್ದದ್ದು!

ಇದಕ್ಕೆ ಉಲ್ಟಾ ಉದಾಹರಣೆ "ಗ್ರೀನಿ". ಫ್ಲೀಟ್‌ವುಡ್ ಮ್ಯಾಕ್ ಕಟ್ಟಿದ ಪೀಟರ್ ಗ್ರೀನ್ ಅವರ 1959ರ ಲೆಸ್ ಪಾಲ್. ಅದರ ಒಂದು ಪಿಕಪ್ಪಿನ ಅಯಸ್ಕಾಂತ ತಿರುವುಮುರುವು. ಎರಡೂ ಪಿಕಪ್ ಒಟ್ಟಿಗೆ ಹಾಕಿದರೆ ಮೂಗಿನಿಂದ ಹಾಡಿದಂಥ, ಟೊಳ್ಳು ದನಿ. ಆ ದೋಷವೇ ಅದರ ಗುರುತು. ಗ್ರೀನ್ ಕೈಯಿಂದ ಗ್ಯಾರಿ ಮೂರ್ ಕೈಗೆ, ಈಗ ಮೆಟಾಲಿಕಾದ ಕರ್ಕ್ ಹ್ಯಾಮೆಟ್ ಕೈಗೆ ಬಂದಿದೆ. ಇನ್ನೂ ವೇದಿಕೆ ಏರುತ್ತೆ.

ನಮ್ಮ ವೀಣೆಯನ್ನೇ ತಗೊಳ್ಳಿ. 24 ಮೆಟ್ಟಿಲುಗಳನ್ನು ಮೇಣದ ಮೇಲೆ ಕೂರಿಸ್ತಾರೆ. ಕಾಲಕ್ರಮೇಣ ಮೇಣ ಸಡಿಲಾಗುತ್ತೆ, ಶ್ರುತಿ ಅಲುಗಾಡುತ್ತೆ. ಕುಶಲಿಗಳು ಮೇಣ ತೆಗೆದು, ಕಿವಿಯಿಂದ ಸ್ವರ ನೋಡಿ ಮತ್ತೆ ಕೂರಿಸ್ತಾರೆ. ಹಾಗಂತ ಅಜ್ಜಿಯ ವೀಣೆ ಅಜ್ಜಿಯದ್ದಲ್ಲ ಅಂತ ಯಾರಾದರೂ ಹೇಳ್ತಾರಾ?

ಹಾಗಾದರೆ ನನ್ನ ಗಿಟಾರ್? ಫ್ರೆಟ್ ಬದಲಿಸಿದ್ದು ತಪ್ಪಲ್ಲ, ಅದು ವಾದ್ಯದ ಸೇವೆ. ಬದಲಿಸಿದ್ದನ್ನು ಮುಚ್ಚಿಟ್ಟು ಒರಿಜಿನಲ್ ಬೆಲೆ ತಗೊಂಡಿದ್ದು ತಪ್ಪು. ಲೆಕ್ಕಪತ್ರದಲ್ಲೂ ಅಷ್ಟೇ ಅಲ್ವಾ, ಖರ್ಚು ಮಾಡೋದು ಅಪರಾಧವಲ್ಲ, ಬರೆಯದೇ ಬಿಡೋದು ಅಪರಾಧ. ಹಾಗಾಗಿ ಗಿಟಾರ್ ಪೆಟ್ಟಿಗೆಯೊಳಗೆ ಒಂದು ಚೀಟಿ ಇಟ್ಟಿದ್ದೀನಿ: ಏನು ಬದಲಾಗಿದೆ ಅಂತ, ನನಗೆ ಗೊತ್ತಿರುವಷ್ಟು. ಮುಂದೊಂದು ದಿನ ಮಾರಿದರೆ ಚೀಟಿಯೂ ಜೊತೆಗೇ ಹೋಗುತ್ತೆ. ಬೆಲೆ ಸ್ವಲ್ಪ ಕಮ್ಮಿ ಸಿಗಬಹುದು, ಸಿಗಲಿ.