ಗಣಿಗಾರನ ಕೈದೀಪ

ಸಂಜೆ ದೀಪ ಹಾಕಿ ರೇಡಿಯೋ ಮುಂದೆ ಕುಳಿತಾಗ, ನಮ್ಮ ನಾಡಿನ ವಿದ್ಯುತ್ತಿನ ಕಥೆ ತಮಗೆ ನೆನಪಾಗಬಹುದು. ಶಿವನಸಮುದ್ರದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. 1902ರ ಜೂನ್ 30ರಂದು ಅದು 92 ಮೈಲಿ ತಂತಿಯ ಮೇಲೆ ಹರಿದು ಗಣಿಯನ್ನು ಮುಟ್ಟಿತು. ಬೆಂಗಳೂರಿನ ಬೀದಿಗಳು ಬೆಳಗಿದ್ದು ಮೂರು ವರ್ಷದ ಮೇಲೆ, 1905ರಲ್ಲಿ.

ಆದರೆ ಗಣಿಗೆ ಬಂದ ಆ ಶಕ್ತಿ ಮುಖ್ಯವಾಗಿ ಯಂತ್ರಗಳಿಗಾಗಿ ಬಂದದ್ದು. ಕೆಲಸಗಾರನ ಕಣ್ಣಿಗೆ ಬೆಳಕು ಸಿಕ್ಕಿದ ಚರಿತ್ರೆಯೇ ಬೇರೆ. ಆ ಕಾಲದ ಲೋಹದ ಗಣಿಗಳಲ್ಲಿ ಮೇಣದಬತ್ತಿಯನ್ನು ಜೇಡಿಮಣ್ಣಿನಿಂದ ಟೋಪಿಗೋ ಬಂಡೆಗೋ ಅಂಟಿಸಿಕೊಂಡು ದುಡಿಯುತ್ತಿದ್ದರು. ಆಮೇಲೆ ಕಾರ್ಬೈಡ್ ದೀಪ ಬಂತು. ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿದರೆ ಹುಟ್ಟುವ ಅನಿಲವೇ ಅದರ ಉರಿ. ಟೋಪಿಗೆ ಸಿಕ್ಕಿಸುವ ಬ್ಯಾಟರಿ ದೀಪ ಬಂದದ್ದು ಅದರ ನಂತರ. ಕಲ್ಲಿದ್ದಲ ಗಣಿಗೆ 1815ರಲ್ಲಿ ಡೇವಿಯವರು ಮಾಡಿಕೊಟ್ಟ ದೀಪ ಸ್ಫೋಟವನ್ನು ತಡೆಯಿತು; ಬೆಳಕು ಮಾತ್ರ ಮಂದ. ಅಂಥ ಮಂದ ಬೆಳಕಿನಲ್ಲಿ ವರ್ಷಗಟ್ಟಲೆ ದುಡಿದ ಬ್ರಿಟನ್ನಿನ ಅನೇಕ ಕಾರ್ಮಿಕರಿಗೆ ಕಣ್ಣುಗುಡ್ಡೆ ತಾನಾಗಿ ಅದುರುವ ಬೇನೆ ಹತ್ತಿತು.

ಬೆಳಕಿಲ್ಲದಿದ್ದರೆ ಕೆಲಸ ನಿಧಾನವಾಗುವುದಷ್ಟೇ ನಷ್ಟವೆಂದು ತಿಳಿಯಬೇಡಿ. ತಲೆಯ ಮೇಲೆ ಬಿರುಕುಬಿಟ್ಟ ಬಂಡೆ, ಸಿಡಿಯದೆ ಉಳಿದ ಮದ್ದಿನ ಕುಳಿ, ಕಾಲ ಬಳಿಯ ಪ್ರಪಾತ, ಇವನ್ನು ಕಂಡವನು ಬದುಕುತ್ತಾನೆ. ಆದ್ದರಿಂದಲೇ 1952ರ ಗಣಿ ಕಾಯಿದೆಯಡಿ 1961ರಲ್ಲಿ ಬಂದ ಲೋಹಗಣಿ ನಿಯಮಗಳು, ಭೂಗರ್ಭದಲ್ಲಷ್ಟೇ ಅಲ್ಲದೆ ಹಗಲಿನ ಬೆಳಕು ಸಾಲದ ತೆರೆದ ಗಣಿಯಲ್ಲೂ ತಕ್ಕಷ್ಟು ದೀಪ ಇರಬೇಕೆಂದು, ಅದು ಕಣ್ಣು ಕುಕ್ಕಬಾರದೆಂದು ವಿಧಿಸಿದವು.

ಇದು ಕೋಲಾರದವರ ಮಾತು ಎಂದು ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ತಾವು ಕೈಬಿಡಬಾರದು. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು; ನಮ್ಮ ಸೀಮೆಯ ಕಲ್ಲು ಕೆಲಸ ಮುಚ್ಚಿಲ್ಲ. ಮನೆಯ ತಳಪಾಯಕ್ಕೆ ಹಾಕಿದ ಕಲ್ಲನ್ನು ಯಾರೋ ಬಂಡೆಯಿಂದ ಬಿಡಿಸಿದ್ದಾರೆ. ಆಳಕ್ಕೆ ಇಳಿದ ಕಲ್ಲುಗಣಿಯ ತಳದಲ್ಲಿ ಸೂರ್ಯ ಮುಳುಗುವ ಮೊದಲೇ ನೆರಳು ಕವಿಯುತ್ತದೆ.

ಪಾವಗಡದ ಸೌರ ಉದ್ಯಾನ ಸುಮಾರು 13,000 ಎಕರೆಯಲ್ಲಿ, 2,050 ಮೆಗಾವಾಟ್ ಸಾಮರ್ಥ್ಯದೊಡನೆ ನಿಂತಿದೆ. 1902ರಲ್ಲಿ ದೂರದ ನದಿ ಗಣಿಗೆ ಶಕ್ತಿ ಕೊಟ್ಟಿತು. ಇಂದು ಈ ಸೀಮೆಯ ಬಿಸಿಲೇ ನಾಡಿಗೆ ಶಕ್ತಿ ಕೊಡುತ್ತಿದೆ. ಶಕ್ತಿಗೆ ಕೊರತೆಯಿಲ್ಲ. ಮುಸ್ಸಂಜೆಯಲ್ಲಿ ಉಳಿಯ ಸದ್ದು ಇನ್ನೂ ಕೇಳುತ್ತಿದ್ದರೆ, ಅಲ್ಲಿ ದೀಪವಿದೆಯೇ ಎಂದು ವಿಚಾರಿಸುವುದು ಊರಿನವರೆಲ್ಲರ ಹೊಣೆ.