ಒಂದ ಡಬ್ಬಿ, ಎರಡು ಟೀವಿ

ಮೊನ್ನೆ ಅಟ್ಟದ ಸಾಮಾನ ಇಳಸೂ ಮುಂದ ಕಬ್ಬಿಣದ್ದೊಂದು ಸಣ್ಣ ಸ್ಪ್ಲಿಟರ್ ಸಿಕ್ತು. "ಇದೇನವ್ವಾ?" ಅಂದ್ಲು ಮಗಳು. ಅದರಾಗ ನಮ್ಮನಿ ಇತಿಹಾಸನ ಅದ ನೋಡ್ರಿ.

ಆಂಟೆನಾ ಕಾಲದಾಗ ಎಲ್ಲಾರಿಗೂ ದೂರದರ್ಶನ ಒಂದ. 1987ರಾಗ ರಾಮಾಯಣ ಶುರು ಆದಾಗ ರವಿವಾರ ಮುಂಜಾನೆ ಓಣಿ ಮಂದಿ ಒಂದ ಟೀವಿ ಮುಂದ ಕೂಡತಿದ್ವಿ. ಆರಿಸೂ ಮಾತ ಇರಲಿಲ್ಲ. 1990ರ ನಂತರ ಕೇಬಲ್ ಬಂತು, 1994ರಾಗ ಉದಯ ಟೀವಿ. ಆ ಕೇಬಲ್ಲಿನಾಗ ಎಲ್ಲಾ ಚಾನೆಲ್ ಕೂಡೇ ಹರಿದು ಬರ್ತಿದ್ವು, ಆರಿಸೂ ಕೆಲಸ ಟೀವೀದು. ಅದಕ್ಕ ಈ ಸ್ಪ್ಲಿಟರ್ ಹಾಕಿ ಅತ್ತಿಯವರ ಖೋಲಿಗೊಂದು ವಯರ್ ಎಳಸಿದ್ವಿ. ಸಿಗ್ನಲ್ ಪಾಲಾಗಿ ಚುಕ್ಕಿ ಚುಕ್ಕಿ ಕಾಣತಿತ್ತು, ಆದ್ರೂ ಪಡಸಾಲ್ಯಾಗ ಮಾವನವರ ಕ್ರಿಕೆಟ್, ಒಳಗ ಅತ್ತಿಯವರ ಧಾರಾವಾಹಿ. ಮನ್ಯಾಗ ಯಾರನ್ನೂ ಕೇಳದ ಅವರು ಆರಿಸ್ಕೊಳ್ಳೂದು ಅದೊಂದ ಇತ್ತು.

ಆಮ್ಯಾಲ 2011ರಾಗ ಕೇಬಲ್ ಕಾಯ್ದೆಗೆ ತಿದ್ದುಪಡಿ ಆತು. ಡಿಜಿಟಲ್ ಆಗ್ಲಿಕ್ಕೆ ಬೆಂಗಳೂರು, ಮೈಸೂರಿಗೆ 2013ರ ಮಾರ್ಚ್ ಗಡುವು, ನಮ್ಮ ಧಾರವಾಡದಂಥಾ ಊರಿಗೆ 2015ರ ಡಿಸೆಂಬರ್. ಟೀವಿಗೊಂದು ಸೆಟ್‌ಟಾಪ್ ಬಾಕ್ಸ್ ಬೇಕು ಅಂದ್ರು. "ಎರಡೆರಡಕ್ಕ ತಿಂಗಳಾ ರೊಕ್ಕ ಯಾಕ?" ಅಂದಾಕಿ ನಾನ. ಡಬ್ಬಿ ಹಿಂದಿನ ಹಳದಿ-ಕೆಂಪು-ಬಿಳಿ ವಯರಿಗೆ ಕವಲು ಹಾಕಿಸಿ ಒಳಗಿನ ಟೀವಿಗೂ ಕೊಡಿಸಿದೆ. ಚಿತ್ರ ಏನೋ ಸ್ವಚ್ಛ ಬಂತು. ಆದ್ರ ಈಗ ಚಾನೆಲ್ ಆರಿಸೂದು ಟೀವಿ ಅಲ್ಲ, ಡಬ್ಬಿ. ನಮ್ಮ ಡಬ್ಬಿ ಒಂದು ಹೊತ್ತಿಗೆ ಒಂದ ಚಾನೆಲ್ ಕೊಡತಿತ್ತು. ವಯರ್ ಎಷ್ಟ ಕವಲಾದ್ರೂ ಹೊರಗ ಕ್ರಿಕೆಟ್ ಅಂದ್ರ ಒಳಗೂ ಕ್ರಿಕೆಟ್.

ಅತ್ತಿಯವರಿಗೆ ಮೊಣಕಾಲು ಹಿಡಕೊಂಡಿದ್ವು, ಎದ್ದು ಪಡಸಾಲಿಗೆ ಬರ್ಲಿಕ್ಕೆ ಆಗ್ತಿರಲಿಲ್ಲ. "ಇರ್ಲಿ ಬಿಡವಾ" ಅಂತ ಗ್ವಾಡಿ ಕಡೆ ಮಾರಿ ಮಾಡಿ ಮಲಗತಿದ್ರು. ಜಗಳಾ ಮಾಡಿದ್ರ ನನಗ ತಿಳೀತಿತ್ತೇನೋ. ಅವರು ಮಾಡ್ಲಿಲ್ಲ, ನಾನೂ ರೊಕ್ಕ ಉಳೀತಂತ ಸುಮ್ಮನಿದ್ದೆ.

2020ರಾಗ ಟ್ರಾಯ್‌ದವರು ಎರಡನೇ ಟೀವಿಗೆ ನೆಟ್‌ವರ್ಕ್ ಶುಲ್ಕ ಮೊದಲನೇದರ ಶೇ. 40 ಮೀರಬಾರದು ಅಂತ ಮಾಡಿದ್ರು. ಆಗ ಇನ್ನೊಂದು ಡಬ್ಬಿ ತಂದ್ವಿ. ಅಷ್ಟೊತ್ತಿಗೆ ಅತ್ತಿಯವರ ಕಣ್ಣು ಮಂಜಾಗಿದ್ವು. ಆದ್ರೂ ರಿಮೋಟ್ ತಲದಿಂಬಿನ ಬುಡಕ ಇಟ್ಕೊಂಡು ಧಾರಾವಾಹಿ ಕೇಳ್ಕೋತ ಮಲಗತಿದ್ರು.

ನಿಮ್ಮನ್ಯಾಗೂ ಒಂದ ಡಬ್ಬಿಯಿಂದ ಎರಡು ಟೀವಿಗೆ ವಯರ್ ಎಳಸಿದ್ರ, ಒಳಗಿನ ಖೋಲ್ಯಾಗ ಯಾರದಾರ, ರಿಮೋಟ್ ಯಾರ ಕೈಯಾಗದ, ಒಮ್ಮೆ ನೋಡ್ರಿ.