‘ಎಂ’ ಅಂದ್ರೆ ಎಷ್ಟು ಸೊನ್ನೆ?

 

ವಿಡಿಯೊ ಚಾನೆಲ್ ನಡೆಸೋ ಗೆಳೆಯನೊಬ್ಬ ಒಂದು ರಾತ್ರಿ ಫೋನ್ ಮಾಡಿದ. ಅವನ ವಿಡಿಯೊ ‘1 ಎಂ’ ದಾಟಿತ್ತು, ಅಂದರೆ 10 ಲಕ್ಷ ವೀಕ್ಷಣೆ. ಆದರೂ ದನಿ ಸಪ್ಪೆ. ಜಾಹೀರಾತಿನವರೊಬ್ಬರು 40 ರೂಪಾಯಿ ‘ಸಿಪಿಎಂ’ ಕೊಡ್ತೀವಿ ಅಂದಿದ್ರಂತೆ. ‘10 ಲಕ್ಷ ಜನಕ್ಕೆ 40 ರೂಪಾಯಿನಾ? ಭಿಕ್ಷೆನಾ ಇದು?’ ಅಂತ ಖಾರವಾಗಿ ಉತ್ತರ ಬರೆದಿಟ್ಟಿದ್ದ. ಪುಣ್ಯಕ್ಕೆ ಕಳಿಸಿರಲಿಲ್ಲ. ಅಲ್ಲಿರೋ ‘ಎಂ’ ಮಿಲಿಯನ್ ಅಲ್ಲ, ಸಾವಿರ. 10 ಲಕ್ಷ ಸಲ ಜಾಹೀರಾತು ಕಂಡರೆ ಸಿಗೋದು 40,000 ರೂಪಾಯಿ.

ಒಂದೇ ಅಕ್ಷರಕ್ಕೆ ಎರಡು ಬೆಲೆ ಹೇಗೆ ಬಂತು? ಲ್ಯಾಟಿನ್‌ನಲ್ಲಿ ‘ಮಿಲ್ಲೆ’ ಅಂದ್ರೆ ಸಾವಿರ. ರೋಮನ್ ಅಂಕಿಯಲ್ಲೂ ‘ಎಂ’ ಅಂದರೆ 1000. ಮುಂದೆ ಇಟಲಿಯವರು ಅದಕ್ಕೆ ‘ದೊಡ್ಡದು’ ಅನ್ನೋ ಅರ್ಥದ ಪ್ರತ್ಯಯ ಅಂಟಿಸಿ ‘ಮಿಲಿಯೋನೆ’ ಮಾಡಿದರು. ದೊಡ್ಡ ಸಾವಿರ ಅಂತ. ನಾವು ದೊಡ್ಡ ದಾರಿಗೆ ಹೆದ್ದಾರಿ ಅಂದ ಹಾಗೆ. ಮಗ ದೊಡ್ಡವನಾದ, ಆದರೆ ಇನಿಷಿಯಲ್ ಅಪ್ಪನದೇ ಉಳಿಯಿತು!

ಹಣಕಾಸಿನವರು ಗೊಂದಲ ತಪ್ಪಿಸೋಕೆ ಮಿಲಿಯನ್‌ಗೆ ‘ಎಂಎಂ’ ಅಂತ ಬರೆದರು: ಸಾವಿರ ಸಲ ಸಾವಿರ. (ರೋಮನ್ನರು ಇದನ್ನ ನೋಡಿದ್ರೆ 2000 ಅಂತ ಓದ್ತಿದ್ರು, ಅದು ಬೇರೆ ಮಾತು.) ನೈಸರ್ಗಿಕ ಅನಿಲದ ಬೆಲೆಯ ಸುದ್ದಿಯಲ್ಲಿ ಬರೋ ‘ಎಂಎಂಬಿಟಿಯು’ದಲ್ಲಿ ಇರೋದೂ ಇದೇ ಜೋಡಿ. ಇನ್ನು ‘50 ಕೆ ಸಂಬಳ’ದ ಕೆ ಗ್ರೀಕ್ ಮೂಲದ್ದು. ಅಂಗಡಿಯಲ್ಲಿ ಕೇಳೋ ಕಿಲೋ ಅಕ್ಕಿಯ ಕಿಲೋನೇ ಅದು.

ನಿಜವಾದ ತಲೆನೋವು ‘ಬಿ’. 1484ರಲ್ಲಿ ಫ್ರಾನ್ಸಿನ ನಿಕೊಲಾ ಶುಕೆ ತನ್ನ ಹಸ್ತಪ್ರತಿಯಲ್ಲಿ ಬಿಲಿಯನ್ ಅಂತ ಬರೆದಾಗ ಅದು ಮಿಲಿಯನ್ ಸಲ ಮಿಲಿಯನ್, ನಮ್ಮ ಲೆಕ್ಕದಲ್ಲಿ 1 ಲಕ್ಷ ಕೋಟಿ. ಅಮೆರಿಕದವರ ಬಿಲಿಯನ್ ಬರೀ 100 ಕೋಟಿ. ಸಾವಿರ ಪಟ್ಟು ವ್ಯತ್ಯಾಸ! ಬ್ರಿಟನ್ ಬಹುಕಾಲ ಹಳೇ ಲೆಕ್ಕಕ್ಕೇ ಅಂಟಿಕೊಂಡಿತ್ತು. 1974ರ ಡಿಸೆಂಬರ್ 20ರಂದು ಸಂಸದರೊಬ್ಬರು, ಮಂತ್ರಿಗಳು ಬಿಲಿಯನ್ ಅನ್ನೋದನ್ನ ಬ್ರಿಟಿಷ್ ಅರ್ಥದಲ್ಲೇ ಬಳಸಬೇಕು ಅಂತ ಕೇಳಿದಾಗ ಪ್ರಧಾನಿ ಹೆರಾಲ್ಡ್ ವಿಲ್ಸನ್ ಆಗಲ್ಲ ಅಂದರು; ಜಗತ್ತು ಬಳಸೋದನ್ನೇ ನಾವೂ ಬಳಸ್ತೀವಿ ಅಂದರು. ಹಾಗಾಗಿ ಹಳೇ ಇಂಗ್ಲಿಷ್ ಪುಸ್ತಕದಲ್ಲಿ ಬಿಲಿಯನ್ ಕಂಡರೆ, ಯಾವ ದೇಶದ್ದು, ಯಾವ ವರ್ಷದ್ದು ಅಂತ ನೋಡಬೇಕು. ಜರ್ಮನರಿಗೆ ಇವತ್ತಿಗೂ 100 ಕೋಟಿ ಅಂದ್ರೆ ‘ಮಿಲಿಯಾರ್ಡೆ’. ಅವರ ಬಿಲಿಯನ್ ಅಂದ್ರೆ ಅದೇ ಹಳೇ 1 ಲಕ್ಷ ಕೋಟಿ.

ನಮ್ಮ ಲಕ್ಷ, ಕೋಟಿ ಎಲ್ಲಿ ಹೋದವು? ಹೋಗಿಲ್ಲ. ನಮ್ಮ ಬೆಂಗಳೂರಿನ ಇನ್ಫೋಸಿಸ್‌ನ ತ್ರೈಮಾಸಿಕ ಲೆಕ್ಕ ರೂಪಾಯಿಯಲ್ಲಿ ಕೋಟಿ, ಡಾಲರ್‌ನಲ್ಲಿ ಮಿಲಿಯನ್ ಅಂತ ಎರಡು ವೇಷದಲ್ಲಿ ಬರುತ್ತೆ. ‘500 ಮಿಲಿಯನ್ ರೂಪಾಯಿ’ ಅಂದರೆ 50 ಕೋಟಿ, 500 ಕೋಟಿ ಅಲ್ಲ. ಷೇರು ಕೊಳ್ಳೋರು ಎಡವೋದು ಇಲ್ಲೇ.

ಬೇಜಾರಿನ ವಿಷಯ ಅಂದ್ರೆ, ಕನ್ನಡಕ್ಕೆ ಬದಲಾಯಿಸಿದ ಆ್ಯಪ್‌ಗಳಲ್ಲಿ ಎಷ್ಟೋ ಕಡೆ ಸಾವಿರಕ್ಕೆ ‘ಸಾ’, ಮಿಲಿಯನ್‌ಗೆ ‘ಮಿ’ ಅಂತ ಬರುತ್ತೆ. ಹಿಂದಿಯಲ್ಲಾದ್ರೆ ಲಾಖ್ ಅಂತಾನೇ ಇದೆ. ಗೆಳೆಯ ಫೋನನ್ನ ಕನ್ನಡಕ್ಕೆ ಬದಲಾಯಿಸಿ ‘1 ಮಿ ವೀಕ್ಷಣೆಗಳು’ ಅಂತ ಅಮ್ಮನಿಗೆ ತೋರಿಸಿದನಂತೆ. ‘ಮಿ ಅಂದ್ರೇನೋ, ಮಿಲಿಮೀಟರಾ?’ ಅಂದರಂತೆ ಅವರು. 10 ಲಕ್ಷ ಅಂತ ಬಿಡಿಸಿ ಹೇಳಿದ ಮೇಲೇ ಊರಿಗೆಲ್ಲ ಫೋನ್ ಹೋಗಿದ್ದು.